ವಹಿಯ ಹಿಂದಿನ ಪುಟಗಳು

ಮುಂದಿನ ಪುಟಗಳಲ್ಲಿ ಮಾಬುಸಾಬರ ಲೆಕ್ಕ:
ಇಪ್ಪತ್ತೆಂಟರ ಸೊಂಟ ಆರು ಡಜನ್, ಜಿಪ್ಪು ಬಾಕಿ,
ಒಗೆಯಲು ಮುಂಡ್ರಿಗಿಗೆ ಹೋದದ್ದು, ಬಂದದ್ದು, ಬಾರದ್ದು.
ಹಿಂದಿನಿಂದ ತಿರುವಿದರೆ ನನ್ನವು,
ಜುಹುರಾಳ ಬಾಯಿಂದ ಬಿದ್ದಾಗ ಹೆಕ್ಕಿಟ್ಟುಕೊಂಡವು.

ದಾರ್ ಎಸ್ ಸಲಾಮಿನಿಂದ ಬಂದಿದ್ದಳು, ಜೀನ್ಸ್ ಕೊಳ್ಳಲು,
ಕೌಲ್‌ಬಜಾರಿನ ನಮ್ಮ ತಗಡಿನ ಶೆಡ್ಡಿಗೆ.
ತಲೆಗೆ ಹಳದಿ ಬಟ್ಟೆ, ಕೈಯಲ್ಲಿ ತನ್ನದೇ ಟೇಪು.
ಮೊದಲ ಮಾತು ಬೇಯಿ ಗಾನಿ, ಎಷ್ಟಕ್ಕೆ ಕೊಡ್ತೀರಿ.
ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ,
ಬಟ್ಟೆ ಉಜ್ಜಿ ನೋಡುವ ಬೆರಳಲ್ಲೇ ಅರ್ಥವಿತ್ತು.

ರಂಗಿ ಅಂದರೆ ಬಣ್ಣ. ಸಬುನಿ, ಸಾಬೂನು.
ದುಕಾ, ಅಂಗಡಿ. ದುನಿಯಾ, ದುನಿಯಾನೇ.
ಇವೆಲ್ಲ ಅವಳಿಗಿಂತ ಮೊದಲೇ ಹಡಗು ಹತ್ತಿ
ಹೋಗಿಬಂದು ಮಾಡಿದ ಮಾತುಗಳಂತೆ.
ನಾನೋ ಹಗರಿ ದಾಟಿ
ಗುಂತಕಲ್ಲು ನೋಡಿದವಳು, ಅಷ್ಟೆ.

ದಾದಾ ಅಂದರೆ ಅಕ್ಕ.
ಇದನ್ನು ಬರೆಯುವಾಗ ನಕ್ಕು ಪೆನ್ನು ಜಾರಿದೆ, ಗೀಟು ಇನ್ನೂ ಇದೆ.
ಕಟಿಂಗ್ ಮಾಸ್ತರ ದಾದಾಪೀರ, ಗಿರಿಜಾ ಮೀಸೆಯವನು.
ನಾವು ದಾದಾ, ದಾದಾ ಅಂತ ಕೂಗಿದಾಗಲೆಲ್ಲ
ಯಾವ ಅಕ್ಕ ಬಂದಳೋ ಅಂತ ಅವಳು ಬಾಗಿಲು ನೋಡುತ್ತಿದ್ದಳಂತೆ.
ಮೀಸೆಯ ಅಕ್ಕ ಮೂರು ದಿನ ನನ್ನ ಸಂಗಡ ಮಾತು ಬಿಟ್ಟಿದ್ದ.

ಸಾ ತಾತು, ಮೂರು ಗಂಟೆ, ಅಂತ ಬರೆದು ಹೊಡೆದುಹಾಕಿದ್ದೇನೆ.
ಮೂರಕ್ಕೆ ಬರ್ತೀನಿ ಅಂದವಳು ಬೆಳಿಗ್ಗೆ ಒಂಬತ್ತಕ್ಕೇ
ಬಂದು ನಿಂತಿದ್ದಳು, ಇಸ್ತ್ರಿಯಾಗದ ರಾಶಿಯ ಮುಂದೆ.
ಅವರಲ್ಲಿ ಸೂರ್ಯ ಬಂದ ಮೇಲೆಯೇ ಎಣಿಕೆ ಶುರುವಂತೆ.
ಮನೆಯಲ್ಲಿ ಹೇಳಿದರೆ ಅವ್ವ ರೊಟ್ಟಿ ತಿರುವುತ್ತ,
"ಮತ್ತೆ? ಹೊತ್ತು ಹುಟ್ಟಿದ ಮ್ಯಾಲೆ ಅಲ್ಲೇನು ತಾಸು ಎಣಿಸಾದು,
ಮಲಗಿದ್ದಾಗಿಂದ ಯಾರು ಎಣಿಸ್ತಾರ?" ಅಂದಳು.
ಅವ್ವನಿಗೆ ಆ ಭಾಷೆ ಮೊದಲೇ ಬರುತ್ತಿತ್ತು.

ಶಿಕಮೂ: ದೊಡ್ಡವರಿಗೆ ಮಾತ್ರ. ನಿಮ್ಮ ಕಾಲು ಹಿಡಿದೆ ಅಂತ.
ನಮ್ಮ ಶರಣ್ರೀ ಹಾಗೆ, ಬಾಗದೆಯೇ ಬಾಗುವುದು.
ಗೇಟಿನ ಸುಂಕಣ್ಣತಾತನಿಗೆ ದಿನಾ ಹೇಳಿದಳು.
ಸಾಹುಕಾರರಿಗೆ ಹೇಳಿದ್ದು ನಾನು ಕಾಣೆ.

ಒಂದು ಮಾತಿನ ಎದುರು ಜಾಗ ಖಾಲಿ.

ಅವತ್ತು ಕರೆಂಟು ಹೋಗಿ ಗಪ್ಪನೆ ಬಂದಾಗ
ಸೂಜಿ ನನ್ನ ತೋರುಬೆರಳಿಗೆ ಇಳಿಯಿತು, ಉಗುರು ತೂರಿ.
ಮಾಬುಸಾಬರು ಓಡಿ ಬಂದರು:
"ಬಟ್ಟಿಗೆ ರಗತ ಹತ್ತೈತೇನು ನೋಡವಾ."
ಜುಹುರಾ, ಪೋಲೆ ಅಂದಳು. ಪೋಲೆ ಸಾನಾ.
ಶೆಡ್ಡಿಗೆ ಶೆಡ್ಡೇ ನಕ್ಕಿತು, ಹುಲಿಗೆಮ್ಮನ್ನ ಪೋಲಿ ಅಂದ್ಳು ಅಂತ.
ನಾನೂ ನಕ್ಕೆ, ಬೆರಳು ಬಾಯಲ್ಲಿಟ್ಟುಕೊಂಡು.

ಆಮೇಲೆ ಕೇಳಿದೆ. ಅವಳ ಹಿಂದಿ ಅರ್ಧ, ನನ್ನದು ಕಾಲು.
ತಪ್ಪಾಯ್ತು ಅಂತಲಾ? ಅಲ್ಲ, ತಪ್ಪು ಅವಳದಲ್ಲವಲ್ಲ.
ಪಾಪ ಅಂತಲಾ? ಅದು ದೂರ ನಿಂತು ಆಡುವ ಮಾತು,
ಸಾಲದ್ದಕ್ಕೆ ಅದರ ಮಗ್ಗುಲಲ್ಲಿ ಇನ್ನೊಂದು ಕರ್ರನೆ ಅರ್ಥ.
ಎಡವಿದವರಿಗೂ ಹೇಳುತ್ತಾರಂತೆ, ಸತ್ತ ಮನೆಯಲ್ಲೂ,
ದಿನವೆಲ್ಲ ದುಡಿದು ಬಂದವರಿಗೂ, ಸುಮ್ಮನೆ.
ಜೋಡಿಸಿ ಪೋಲೆಪೋಲೆ ಅಂದರೆ ಮಾತ್ರ ಬೇರೆ: ನಿಧಾನ.
ನಿಧಾನ ಅಂತ ಬರೆದುಕೊಂಡೆ. ಮೇಲಿನದನ್ನು ಹಾಗೇ ಬಿಟ್ಟೆ.

ಅವಳು ಹನ್ನೊಂದು ಮೂಟೆ ಕಟ್ಟಿಸಿಕೊಂಡು ಹೋದಳು.

ಹೋದ ತಿಂಗಳು ಸಿರುಗುಪ್ಪದಲ್ಲಿ ದಾದಾಪೀರನ ತಾಯಿ ತೀರಿದರು.
ನಾಲ್ಕನೇ ದಿನಕ್ಕೇ ಕೆಲಸಕ್ಕೆ ಬಂದ, ಆರ್ಡರಿತ್ತು.
ಎಲ್ಲರೂ ಕಾಲರು, ಕಿಸೆ ಅಂತ ಏನೋ ಮಾಡುತ್ತಿದ್ದೆವು.
ಮೇಜಿನ ಹತ್ತಿರ ಹೋಗಿ ನಿಂತೆ. ಪೋಲೆ, ದಾದಾ, ಅಂದೆ.
ಕತ್ತರಿ ನೀಲಿ ಬಟ್ಟೆಯ ನಡುವೆ ನಿಂತಿತು.
"ಅದಕ್ಕ ತಿರುಗಿ ಏನನ್ನಬೇಕು?" ಅಂದ.

ಅದನ್ನು ನಾನು ಕೇಳಿಕೊಂಡಿರಲಿಲ್ಲ.